ಅನುಮತಿ ಕೇಳಬೇಕಿಲ್ಲದ ಅಕ್ಕ

ಸಚಿವಾಲಯ, ಮೂರನೇ ಮಹಡಿ
ಜೂನ್ ೧೨, ಊಟದ ಬಿಡುವು

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ವಸ್ತುಸಂಗ್ರಹಾಲಯದ ಮುಖ್ಯಸ್ಥೆಯೆಂದ ಮಾತ್ರಕ್ಕೆ ಅದರ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿದು ಎಲ್ಲರ ಮೇಲೂ ಕಣ್ಣಿಡು ಎಂದು ಯಾವ ವೈದ್ಯರೂ ಹೇಳಿರಲಾರರು. ನಾವು ಚೆನ್ನಾಗಿದ್ದೇವೆ. ನೀನು ಬರಲಿಲ್ಲವೆಂಬ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುವಷ್ಟು ಅಮ್ಮ ಗಟ್ಟಿಮುಟ್ಟಾಗಿದ್ದಾರೆ.

ನೀನು ಕಾಯುತ್ತಿರುವ ಸುದ್ದಿಗೆ ಬರುತ್ತೇನೆ. ಸರ್ಕಾರಿ ಸಂಸ್ಥೆಗಳಿಗೆ ಸ್ವಾಯತ್ತತೆ ಕೊಡುವ ನೀತಿಯ ಕರಡು ನಮ್ಮ ಸಮಿತಿಯಲ್ಲೇ ತಯಾರಾಗುತ್ತಿದೆ. ಕೆಲಸಕ್ಕೆ ಹೋಗುವವರೂ ಬಂದು ನೋಡಲಿ ಎಂದು ಸಂಜೆ ಬಾಗಿಲು ತೆರೆಯಲು ನೀನು ಅನುಮತಿ ಕೇಳಿ ಎರಡು ವರ್ಷವಾಯಿತಲ್ಲ, ಇದು ಜಾರಿಗೆ ಬಂದರೆ ಆ ಕಡತದ ಹಂಗೇ ಇರುವುದಿಲ್ಲ. ಆದರೆ ನೀತಿ ಹುಟ್ಟುವ ಬಗೆಯೇ ಮಜವಾಗಿದೆ. ಕರಡು ಹಣಕಾಸಿನವರ ಕೋಣೆಗೆ ಹೋಯಿತು, ಸಿಬ್ಬಂದಿ ವಿಭಾಗಕ್ಕೆ ಹೋಯಿತು, ಕಾನೂನಿನವರ ಬಳಿ ಕೂತು ಬಂತು. ಪ್ರತಿ ಕೋಣೆಯವರೂ ತಮ್ಮ ಪಾಲಿನ ಕಲಮಿಗೆ ‘ಸರ್ಕಾರದ ಪೂರ್ವಾನುಮತಿ ಪಡೆದು’ ಎಂದು ಸೇರಿಸಿದ್ದರು. ಗಟ್ಟಿಯಾಗಿ ಓದುತ್ತಿದ್ದ ಅಧ್ಯಕ್ಷರು ನಗು ತಡೆಯಲಾರದೆ ಕನ್ನಡಕ ತೆಗೆದಿಟ್ಟರು. ಅನುಮತಿ ಬೇಡವೆಂದರೆ ಏನು ಮಾಡುತ್ತೀರಿ ಎಂದು ಸಂಸ್ಥೆಗಳನ್ನೇ ಕೇಳಿ ಬನ್ನಿ ಎಂದು ನಮ್ಮನ್ನು ಅಟ್ಟಿದರು. ನನ್ನ ಪಾಲಿಗೆ ಬಂದ ಗ್ರಂಥಾಲಯದ ಮುಖ್ಯಸ್ಥರು, “ನಾವೇ ನಿರ್ಧಾರ ಮಾಡಬಹುದು ಅಂತ ಒಂದು ಆದೇಶ ಕಳಿಸಿಬಿಡಿ ಮೇಡಂ, ಆಮೇಲೆ ಯೋಚನೆ ಮಾಡ್ತೀವಿ” ಎಂದರು. ನಗು ಬಂತು, ಪಾಪ ಅಂತಲೂ ಅನ್ನಿಸಿತು.

ಜಗ್ಗಾಡಿ ಜಗ್ಗಾಡಿ ಪೂರ್ವಾನುಮತಿಗಳೆಲ್ಲ ಹೋದವು. ಆಗ ಕಾನೂನಿನವರು ಕೇಳಿದರು: “ನಾವು ಸ್ವಾತಂತ್ರ್ಯ ಕೊಡ್ತಿರೋದು ಸಂಸ್ಥೆಗಾ, ಅದರ ಮುಖ್ಯಸ್ಥರಿಗಾ?” ಅಧ್ಯಕ್ಷರು ಆ ಪ್ರಶ್ನೆಯನ್ನು ಕರಡಿನ ಅಂಚಿನಲ್ಲೇ ಬರೆದುಕೊಂಡರು. ನನಗಂತೂ ಬಸ್ಸಿನಲ್ಲೂ ಅದೇ ಗುಂಗು. ಅದಕ್ಕೊಂದು ಕಲಂ ಬರೆಯುವ ಕೆಲಸ ನನ್ನ ಕುತ್ತಿಗೆಗೇ ಬಿತ್ತು. ಅಂದಹಾಗೆ, ಮೊದಲ ಪಟ್ಟಿಯಲ್ಲಿ ನಿನ್ನ ವಸ್ತುಸಂಗ್ರಹಾಲಯವೂ ಇದೆ. ಖುಷಿಯಾಯಿತು ತಾನೆ?

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಬಾಯಿಬಡುಕಿ

ಮರೆತಿದ್ದೆ: ಆ ಕಲಂ ಬರೆದಾಯಿತು, ಸಮಿತಿ ಒಪ್ಪಿಯೂ ಆಯಿತು. ಮುಖ್ಯಸ್ಥರನ್ನು ಇನ್ನು ಸರ್ಕಾರ ನೇಮಿಸುವುದಿಲ್ಲ. ಕಸ ಗುಡಿಸುವವರಿಂದ ಹಿಡಿದು ಅಲ್ಲಿ ಕೆಲಸ ಮಾಡುವವರೆಲ್ಲ ಓಟು ಹಾಕಿ ಆರಿಸುತ್ತಾರೆ. ಈಗ ಕುರ್ಚಿಯಲ್ಲಿರುವವರೂ ನಿಂತು ಗೆಲ್ಲಬೇಕು. ಬೇಡವೆಂದರೆ ಶುಕ್ರವಾರದೊಳಗೆ ನೀನೇ ಬರೆದುಕೊಟ್ಟು ಪಟ್ಟಿಯಿಂದ ಹೆಸರು ತೆಗೆಸಬಹುದು; ಸಂಜೆ ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ. ಏನು ಮಾಡುತ್ತೀಯೋ ಎಂಬ ಕುತೂಹಲ, ಭಯ ಎರಡೂ ನನಗಿವೆ. ನಿನ್ನ ಕೈಕೆಳಗೆ ಬೆಳೆದವಳು ನಾನು. ಅಲ್ಲಿ ನನಗೆ ಓಟಿಲ್ಲದಿರುವುದು ನಿನ್ನ ಪುಣ್ಯ.