ಟೆಸ್ಟಿಂಗ್‌ಗೆ ಹಾಕಿದ ಹಾಡು

ಮಾರ್ಚ್ 2, ರಾತ್ರಿ ಹನ್ನೊಂದೂವರೆ

ಹಗರೆಯ ಮದುವೆ ಮುಗಿಸಿ ಈಗಷ್ಟೇ ಅರಸೀಕೆರೆಗೆ ಬಂದೆವು. ಸ್ಪೀಕರ್ ಬಾಕ್ಸ್ ಇಳಿಸಿ ಭುಜ ಬಿದ್ದುಹೋಗಿದೆ. ಮುಹೂರ್ತಕ್ಕೆ ಒಂದು ಹಾಡು, ಊಟಕ್ಕೆ ಒಂದು, ಹೆಣ್ಣು ಒಪ್ಪಿಸುವಾಗ ಅಳಿಸುವುದಕ್ಕೆ ಒಂದು. ಎಲ್ಲಾ ಹಳೇ ಸಿನಿಮಾದವು. ಯಾವುದು ಯಾವಾಗ ಅಂತ ನಮ್ಮ ಓನರ್ ಇಂದಣ್ಣನಿಗೆ ಬಾಯಿಪಾಠ. ನನಗಿನ್ನೂ ಇಲ್ಲ. ಈ ಸೌಂಡ್ಸ್ ಅಂಗಡಿಗೆ ಸೇರಿ ತಿಂಗಳೂ ಆಗಿಲ್ಲ. ಅದಕ್ಕೆ ಮೊದಲು ಹಾಸನದಲ್ಲಿ ಬೇಕರಿ. ಅದಕ್ಕೂ ಮೊದಲು ತುಮಕೂರಲ್ಲಿ ಟೈಲ್ಸ್. ಎಲ್ಲೂ ಕಾಲು ನಿಲ್ಲುವುದಿಲ್ಲ. ಸಿಂಧನೂರಿಂದ ಅವ್ವ ಫೋನ್ ಮಾಡಿದರೆ ಮೊದಲ ಮಾತೇ, "ಹನುಮೇಶ, ಈಗ ಯಾವ ಊರಾಗ ಅದೀಯೋ?"

ನಿದ್ದೆ ಬಾರದೆ ಫೋನಿಗೆ ಮಾತಾಡುತ್ತೇನೆ. ಯಾರಿಗೂ ಕಳಿಸುವುದಿಲ್ಲ.

ನಾಡಿದ್ದು ಕಣಕಟ್ಟೆಯಲ್ಲಿ ಗೃಹಪ್ರವೇಶ. ನಾಳೆ ನಾನೊಬ್ಬನೇ ಹೋಗಿ ಹಾರ್ನ್ ಸ್ಪೀಕರ್ ಕಟ್ಟಿ ಟೆಸ್ಟಿಂಗ್ ಮಾಡಬೇಕು. ಇಂದಣ್ಣ ಬೇಲೂರಿಗೆ ಹೋಗುತ್ತಾನೆ, ಅಲ್ಲೊಂದು ಪ್ರೋಗ್ರಾಂ.

ಮಾರ್ಚ್ 3, ರಾತ್ರಿ

ಕೆನ್ನೆ ಇನ್ನೂ ಉರಿಯುತ್ತಿದೆ. ಮೊದಲಿಂದ ಹೇಳಿದರೆ ನನಗಾದರೂ ಅರ್ಥವಾದೀತು.

ಬೆಳಿಗ್ಗೆ ಹೋದೆ. ಮನೆ ಕಟ್ಟಿಸಿದವನು ಶರತ್. ಅವನು ತರಕಾರಿ ತರುವುದಕ್ಕೆ ಹೋಗಿದ್ದ. ಅವನ ತಾಯಿ ಲಲಿತಮ್ಮ ಮಜ್ಜಿಗೆ ಕೊಟ್ಟರು.

"ಯಾವೂರಪ್ಪ ನಿಂದು?"

"ಸಿಂಧನೂರು ಕಡೆ ಅಮ್ಮ."

"ಈ ಕಡೆಯೋನಲ್ಲ, ಹಂಗಾದ್ರೆ."

ಏನೋ ಸಮಾಧಾನವಾದ ಹಾಗೆ ತಲೆ ಆಡಿಸಿದರು. ಒಂದು ಹಾರ್ನನ್ನು ತೋಟದ ಕಡೆಗೆ ತಿರುಗಿಸಿ ಕಟ್ಟು ಅಂದರು. ಕಟ್ಟಿದೆ. ಆಮೇಲೆ ಮೆಲ್ಲಗೆ, "ಟೆಸ್ಟಿಂಗ್‌ಗೆ ಆ ತಾಯಿ ಹಾಡು ಹಾಕು. ಐತಲ್ಲ?" ಅಂದರು.

ಇದೆ. ಯಾರ ಹತ್ತಿರ ಇಲ್ಲ? ಕಪ್ಪು-ಬಿಳುಪು ಕಾಲದ ಸಿನಿಮಾ. ಮಗ ಊರಿಗೆ ಬರುವಷ್ಟರಲ್ಲಿ ತಾಯಿ ಹೋಗಿರುತ್ತಾಳೆ. ಅವನು ಅಳುವುದಿಲ್ಲ. ಅವಳ ಕಾಲಿಗೆ ಹತ್ತಿದ ಗದ್ದೆ ಕೆಸರನ್ನು ತನ್ನ ಅಂಗಿಯಿಂದ ಒರೆಸುತ್ತಾನೆ, ಅಷ್ಟೇ. ತುಟಿ ಅಲ್ಲಾಡುವುದಿಲ್ಲ, ಹಾಡು ಹಿಂದಿನಿಂದ ಬರುತ್ತದೆ. ಆದರೆ ಹಾಡಿನ ಮಾತೆಲ್ಲ ತೊಟ್ಟಿಲು, ಮಡಿಲು. ಸಾವಿನ ಮಾತು ಒಂದೂ ಇಲ್ಲ. ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದೇ ಹಾಡು.

ಫುಲ್ ವಾಲ್ಯೂಮ್ ಇಟ್ಟೆ.

ಎರಡನೇ ಚರಣಕ್ಕೆ ರಸ್ತೆಯಲ್ಲಿ ಟಿವಿಎಸ್ ಒಂದು ನಿಂತಿತು. ಆ ಮನುಷ್ಯ ತಲೆಯ ಟವಲ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಹೆಂಗಸರು ಬಾಯಿಗೆ ಸೆರಗು ಹಿಡಿದು ಬಂದರು. ಎದುರು ಅಂಗಡಿಯವನು ಅರ್ಧ ಬಾಗಿಲು ಎಳೆದು ಊದುಬತ್ತಿ ಕಟ್ಟು ತಂದ. ನಾನು ಖುಷಿಯಲ್ಲಿದ್ದೆ. ಎಷ್ಟು ಜನ ಈ ಹಾಡಿಗೆ, ಅಂದುಕೊಂಡೆ.

"ಯಾವಾಗ್ಲಪ್ಪ ಹೋಗಿದ್ದು?" ಅಂದರು ಒಬ್ಬರು ಅಜ್ಜ.

"ಯಾರು?"

"ಲಲಿತಮ್ಮ ಕಣಪ್ಪ. ಇನ್ಯಾರು."

ಲಲಿತಮ್ಮ ಹೊಸ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಂದವರೆಲ್ಲ ಅವರನ್ನು ನೋಡಿದರು. ಅಜ್ಜ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಹಾಡು ಮಾತ್ರ ನಡೆಯುತ್ತಿತ್ತು.

ಶರತ್ ಎಲ್ಲಿಂದಲೋ ಓಡಿ ಬಂದು ವೈರ್ ಕಿತ್ತ. ನನ್ನ ಕೆನ್ನೆಗೆ ಹೊಡೆದ. "ಬದುಕಿರೋರ ಮನೇಲಿ ಹೆಣದ ಹಾಡು ಹಾಕ್ತೀಯೇನ್ಲಾ?"

ಆಗ ಗೊತ್ತಾಯಿತು. ಆ ಸಿನಿಮಾ ಟೆಂಟ್ ಟಾಕೀಸಿಗೆ ಬಂದ ಕಾಲದಿಂದ ಈ ಕಡೆ ಆ ಹಾಡನ್ನು ಸಾವಾದ ಮನೆಯಲ್ಲಿ ಮಾತ್ರ ಹಾಕುತ್ತಾರಂತೆ. ಹೇಳಿ ಕಳಿಸುವುದೇ ಬೇಡ. ಹಾಡು ಕೇಳಿದರೆ ಜನ ಕೆಲಸ ಬಿಟ್ಟು ಬರುತ್ತಾರೆ.

ಅಷ್ಟರಲ್ಲಿ ತೋಟದಿಂದ ಕೂಗು. ಒಬ್ಬ ಹೆಂಗಸು ಬಿದ್ದಿದ್ದಾರೆ. ಎಲ್ಲರೂ ಓಡಿದೆವು. ತಂತಿ ಬೇಲಿಯಲ್ಲಿ ಸೀರೆ ಚಿಂದಿ. ತೆಂಗಿನ ಪಾತಿಯಲ್ಲಿ ಕಾಲು ಸಿಕ್ಕಿ ಮುರಿದ ಹಾಗಿತ್ತು. ಕಾಲಲ್ಲಿ ಚಪ್ಪಲಿ ಇಲ್ಲ. ಬಿದ್ದಲ್ಲೇ, "ಅಕ್ಕಾ... ಅಕ್ಕಾ..." ಅನ್ನುತ್ತಿದ್ದರು.

ವಿಶಾಲಮ್ಮ. ಲಲಿತಮ್ಮನ ಒಡಹುಟ್ಟಿದ ತಂಗಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ತೋಟ ಭಾಗವಾದಾಗ ಬೋರ್‌ವೆಲ್ ಅಕ್ಕನ ಪಾಲಿಗೆ ಹೋಯಿತಂತೆ. ಅಂದಿನಿಂದ ನಡುವೆ ಬೇಲಿ, ತಂಗಿಯ ಮನೆ ಬೇಲಿಯಾಚೆ. ಮಾತಿಲ್ಲ.

ಲಲಿತಮ್ಮ ಬಗ್ಗಿದಾಗ ವಿಶಾಲಮ್ಮನ ಬಾಯಿ ತೆರೆದದ್ದು ಹಾಗೇ ನಿಂತಿತು. ನೋವಿಗಲ್ಲ.

"ನೀನು ಸತ್ತಿಲ್ವಾ?"

ಆ ಮುಖ ಈಗಲೂ ಕಣ್ಣ ಮುಂದೆ ಇದೆ.

ಮಾರ್ಚ್ 4

ಗೃಹಪ್ರವೇಶ ಹಾಲು ಉಕ್ಕಿಸಿ ಮುಗಿಸಿದರಂತೆ. ಮೈಕ್ ಇಲ್ಲ. ವಿಶಾಲಮ್ಮನಿಗೆ ಸೊಂಟದ ಮೂಳೆ ಮುರಿದಿದೆ. ಆಪರೇಷನ್. ಅರಸೀಕೆರೆಯಲ್ಲೇ ಸೇರಿಸಿದ್ದಾರೆ.

ಪೆನ್‌ಡ್ರೈವ್ ತಾನಾಗೇ ಹಾರಿ ಆ ಹಾಡಿಗೆ ಹೋಯಿತು ಅಂತ ಇಂದಣ್ಣ ಎಲ್ಲರಿಗೂ ಹೇಳಿದ್ದಾನೆ. "ನೀನು ಬಾಯಿ ಬಿಟ್ಯೋ, ಸಿಂಧನೂರು ಬಸ್ ಹತ್ತು." ಲಲಿತಮ್ಮನೇ ಹಾಕಿಸಿದರು ಅಂತ ಅವನಿಗೂ ಹೇಳಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಆದರೆ ಅವರಿಗೆ ಗೊತ್ತಿರಲಿಲ್ಲವಾ? ಇದೇ ಊರಲ್ಲಿ ಬಾಳಿದವರಿಗೆ?

ಮಾರ್ಚ್ 6

ಲಲಿತಮ್ಮ ಅಂಗಡಿಗೆ ಬಂದಿದ್ದರು. ಇಂದಣ್ಣ ಇಲ್ಲದ ಹೊತ್ತು ನೋಡಿಕೊಂಡು, ಒಬ್ಬರೇ.

"ನಾನು ಹಾಕ್ಸಿದ್ದು ಅಂತ ಯಾರ್ ತಾವೂ ಅನ್ಬ್ಯಾಡ. ನಿನ್ನವ್ವನ ಮೇಲಾಣೆ."

"ಗೊತ್ತಿದ್ದೇ ಹಾಕ್ಸಿದ್ರಾ ಅಮ್ಮ?"

ಸ್ಟೂಲ್ ಮೇಲೆ ಕೂತರು. "ತಂಗಿ ಮನೆಗೆ ಪತ್ರಿಕೆ ಕೊಡಾಕೆ ಹೋದೆ. ಬಾಗ್ಲು ಹಾಕ್ಕಂಡ್ಲು. ನನ್ನ ಮೊಮ್ಮಗಳ ಮದುವೇಗೂ ಬರ್ಲಿಲ್ಲ. ಬದುಕಿರೋ ಅಕ್ಕ ಕರುದ್ರೆ ಬರಾಕಿಲ್ಲ. ಸತ್ರಾದ್ರೂ ಬತ್ತಾಳಾ ಅಂತ ನೋಡ್ಬೇಕು ಅನ್ನಿಸ್ತು ಕಣಪ್ಪ. ಈ ಊರ ಹುಡುಗ್ರು ಯಾರೂ ಹಾಕ್ತಿರ್ಲಿಲ್ಲ. ನಿಂಗೆ ಗೊತ್ತಿರ್ಲಿಲ್ಲ."

ಮನುಷ್ಯರು ಹೀಗೂ ಮಾಡುತ್ತಾರಾ. ಬದುಕಿರುವಾಗಲೇ ತನ್ನ ಸಾವಿಗೆ ತಾನೇ ಮೈಕ್ ಕಟ್ಟಿಸುತ್ತಾರಾ.

ಆ ಸಿನಿಮಾವನ್ನು ಅಕ್ಕ-ತಂಗಿ ಒಟ್ಟಿಗೇ ನೋಡಿದ್ದಂತೆ. ಟೆಂಟ್, ನೆಲದ ಟಿಕೆಟ್, ಮರಳು. ಕಾಲು ಒರೆಸುವ ಸೀನ್ ಬಂದಾಗ ಟೆಂಟಿಗೆ ಟೆಂಟೇ ಅಳು. "ಇವಳು ನನ್ನ ಕೈ ಹಿಡ್ಕಂಡು, ಅಕ್ಕ ನೀನು ಸಾಯ್ಬ್ಯಾಡ ಕಣೇ ಅಂತ ಒಂದೇ ಸಮ. ಹಿಂದಿನೋನು, ಏಯ್, ಸತ್ತಿರಾದು ಅವರವ್ವ, ನಿಮ್ಮಕ್ಕ ಅಲ್ಲ, ಸುಮ್ಕಿರವ್ವ ಅಂದ."

ನಕ್ಕರು. ಹಾಗೇ ಎದ್ದು ಹೋದರು.

ಮಾರ್ಚ್ 13

ಒಂದು ವಾರ ಏನೂ ಮಾತಾಡಿಲ್ಲ ಇದರಲ್ಲಿ. ಮಾದಿಹಳ್ಳಿ, ಹಳೇಬೀಡು, ಸುತ್ತಿದ್ದೇ ಸುತ್ತಿದ್ದು. ಕೆಲಸ ಬಿಟ್ಟುಬಿಡೋಣ ಅಂತ ಎರಡು ಸಲ ಬ್ಯಾಗ್ ತುಂಬಿದೆ.

ಇವತ್ತು ವಿಶಾಲಮ್ಮನ ಮಗಳು ಹೇಮಾಶ್ರೀ ಬಂದಿದ್ದರು. ಆಪರೇಷನ್ ಚೆನ್ನಾಗಿ ಆಗಿದೆ. ಆದರೆ ವಿಶಾಲಮ್ಮ ಊಟ ಬಿಟ್ಟಿದ್ದಾರೆ, ಎದ್ದು ವಾಕರ್ ಹಿಡಿಯುವುದಿಲ್ಲ. ಹೀಗೇ ಮಲಗಿದರೆ ಉಳಿಯುವುದು ಕಷ್ಟ ಅಂದಿದ್ದಾರೆ ಡಾಕ್ಟರ್. "ಹಾಡು ಹಾಕಿದ ಹುಡುಗನ್ನ ಕರ್ಕೊಂಡ್ ಬಾ ಅಂತಾರೆ. ಬರ್ತೀರಾ?"

ಬೈಯುವುದಕ್ಕೆ ಇರಬೇಕು. ಹೋಗಲೇಬೇಕು.

ಮಾರ್ಚ್ 14

ಮಧ್ಯಾಹ್ನ ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಲಲಿತಮ್ಮ, ತೊಡೆಯ ಮೇಲೆ ಊಟದ ಡಬ್ಬಿ. ದಿನಾ ಬರುತ್ತಾರಂತೆ. ಒಳಗೆ ಹೋಗುವ ಧೈರ್ಯವಿಲ್ಲ. ಡಬ್ಬಿ ಒಳಗೆ ಹೋಗುತ್ತದೆ, ಹಾಗೇ ವಾಪಸ್ ಬರುತ್ತದೆ. ನನ್ನನ್ನು ನೋಡಿ ಕಣ್ಣಲ್ಲೇ ಹೇಳಬೇಡ ಅಂದರು.

ವಿಶಾಲಮ್ಮ ಇಷ್ಟೇ ಇಷ್ಟಾಗಿದ್ದಾರೆ.

"ನೀನೇನಾ. ಪೆನ್‌ಡ್ರೈವ್ ತಾನೇ ಹಾಡ್ತಂತೆ. ದಿಟವಾ?"

ಹೂಂ ಅಂದೆ.

ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ಹಂಗಾದ್ರೆ ಅವಳು ಕರೀಲಿಲ್ಲ."

ಆಗ ನನಗೆ ಅರ್ಥವಾಯಿತು. ಈ ಹೆಂಗಸು ಮೂಳೆ ಮುರಿದದ್ದಕ್ಕೆ ಅನ್ನ ಬಿಟ್ಟಿಲ್ಲ. ಮೋಸವಾಯಿತು ಅಂತಲೂ ಅಲ್ಲ. ಯಾರೂ ಕರೆಯದೆ ಓಡಿ ಹೋದೆನಲ್ಲ ಅಂತ. ನಾವೆಲ್ಲ ಸೇರಿ ಒಳ್ಳೆಯದಕ್ಕೆ ಅಂತ ಹೇಳಿದ ಸುಳ್ಳು ಅವರನ್ನು...

ಅವ್ವನ ಮೇಲಿನ ಆಣೆ. ಇರಲಿ. ಅವ್ವನಿಗೆ ಆಮೇಲೆ ಹೇಳಿಕೊಳ್ಳುತ್ತೇನೆ.

"ಇಲ್ಲ ಅಮ್ಮ. ಅವರೇ ಹಾಕ್ಸಿದ್ದು. ನೀವು ಬರಲಿ ಅಂತ. ನೀವು ಒಬ್ಬರು ಬರಲಿ ಅಂತಾನೇ ಹಾಕ್ಸಿದ್ದು."

ಗೋಡೆಯ ಕಡೆ ಇದ್ದ ಮುಖ ತಿರುಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹೇಮಾಶ್ರೀ ನನ್ನನ್ನೇ ನೋಡುತ್ತಿದ್ದರು, ಕೊಲ್ಲುವ ಹಾಗೆ.

"ಎಲ್ಲವಳೆ?" ಅಂದರು ವಿಶಾಲಮ್ಮ.

ಹೊರಗೆ ಹೋಗಬೇಕಾಗಲಿಲ್ಲ. ಲಲಿತಮ್ಮ ಬಾಗಿಲ ಮರೆಯಲ್ಲೇ ಇದ್ದರು. ಎಲ್ಲಾ ಕೇಳಿಸಿಕೊಂಡಿದ್ದರು. ಒಳಗೆ ಬಂದು ಮಂಚದಿಂದ ಒಂದು ಮಾರು ದೂರ ನಿಂತರು. ಇಬ್ಬರೂ ನೋಡಿದರು, ನೋಡಿದರು.

"ಇನ್ನೊಂದ್ ಸಲ ಸತ್ರೆ ಬರಾಕಿಲ್ಲ ಕಣೇ," ಅಂದರು ವಿಶಾಲಮ್ಮ. "ತಿಳ್ಕ."

ಲಲಿತಮ್ಮ ಡಬ್ಬಿಯ ಮುಚ್ಚಳ ತೆಗೆಯಲು ನೋಡಿದರು. ಬರಲಿಲ್ಲ. ಹೇಮಾಶ್ರೀ ಕೈ ಚಾಚಿದರು.

"ಬಿಡೇ, ಅವಳೇ ತೆಗೀಲಿ," ಅಂದರು ವಿಶಾಲಮ್ಮ.

ನಾನು ಅಲ್ಲಿ ನಿಲ್ಲಬಾರದಿತ್ತು. ನಿಂತೆ. ಲಲಿತಮ್ಮ ಮಂಚದ ಅಂಚಿನಲ್ಲಿ ಕೂತು, ಅನ್ನಕ್ಕೆ ಸೊಪ್ಪಿನ ಸಾರು ಕಲಸಿ, ಒಂದು ತುತ್ತು ಎತ್ತಿ ಹಿಡಿದರು. ವಿಶಾಲಮ್ಮ ಬಾಯಿ ತೆರೆದರು.