ತೊಳೆದ ಬೆಳ್ಳಿಬಟ್ಟೆ

7-12-2015, ಸೋಮವಾರ
ಏಕಾದಶಿ. ನೀರು ಮಾತ್ರ. ಹೊಸ್ತಿಲು ತೊಳೆದೆ. ರಂಗೋಲಿ ಈ ವರ್ಷ ಇಲ್ಲ. ದನಕ್ಕೆ ಹುಲ್ಲು ಹಾಕಿದೆ, ಹಾಲು ಕರೆದೆ. ಇವರು ಹೋದ ಮೇಲೆ ಕೆಲಸ ಕಡಿಮೆ. ಹೊತ್ತು ಹೇಗೋ ಹೋಗುತ್ತದೆ.
ಮಗಳು ಶ್ರೀರಂಜಿನಿ ಮಂಗಳೂರಿನ ಲ್ಯಾಬಿಗೆ ವಾಪಸು ಹೋದಳು. ಅಪ್ಪನ ಕಾರ್ಯಕ್ಕೆ ಬಂದಾಗ ಬ್ಯಾಗಿನಲ್ಲಿ ಥೀಸಿಸ್‌ಗೆಂದು ಅವಳೇ ಮಾಡಿದ ಬಟ್ಟೆಯೂ ಇತ್ತು. ಬೆಳ್ಳಿ ಲೇಪಿಸಿದ್ದು, ಮಡಚಿದರೂ ಮುರಿಯದು. ಯಂತ್ರಕ್ಕೆ ಸುತ್ತಿದರೆ ಬೇರೆ ಯಂತ್ರದ ತರಂಗ ಒಳಗೆ ಹೋಗುವುದಿಲ್ಲವಂತೆ. ನನ್ನ ಮೊಬೈಲಿಗೆ ಸುತ್ತಿ ರಿಂಗ್ ಮಾಡಿ ತೋರಿಸಿದ್ದಳು. ಸದ್ದೇ ಇಲ್ಲ.

11-12, ಸಂಜೆ
ಶ್ರೀರಂಜಿನಿಯ ಫೋನ್.
"ಅಮ್ಮಾ, ಬಟ್ಟೆ ಈಗ ಎಂತದನ್ನೂ ತಡೆಯುವುದಿಲ್ಲ. ಮೊದಲು ನಾನು ಬರೆದದ್ದೆಲ್ಲ ಸುಳ್ಳು ಅಂತ ಗೈಡ್ ಸರ್. ಥೀಸಿಸ್ ಹೋಯಿತು."
"ಆ ಹೊಳೆಯುವ ಬಟ್ಟೆಯಾ? ನಾನು ತೊಳೆದು ಇಟ್ಟಿದ್ದೆನಲ್ಲ."
"ತೊಳೆದದ್ದಾ? ಯಾಕೆ?"
"ಸೂತಕ ಕಳೆದ ದಿನ ಮನೆಯ ಬಟ್ಟೆ ಎಲ್ಲ ತೊಳೆಯಬೇಕಲ್ವಾ. ಬೆಳ್ಳಿ ಅಂತ ನೀನೇ ಹೇಳಿದ್ದು. ಅಂಟುವಾಳ, ವಿಭೂತಿ ಹಾಕಿ ಲಾಯ್ಕ ತಿಕ್ಕಿದೆ."
"ಅದೆಂತ ದೇವರ ದೀಪವಾ ಅಮ್ಮಾ!"
ನಕ್ಕಳೋ ಅತ್ತಳೋ... ಫೋನ್ ಇಟ್ಟಳು.
ತೊಳೆದ ನೀರು ಬೂದಿಬಣ್ಣಕ್ಕೆ ತಿರುಗಿತ್ತು. ಕೊಳೆ ಹೋಯಿತೆಂದುಕೊಂಡಿದ್ದೆ.

18-12
ಪಕ್ಕದ ಮನೆಯ ಶ್ಯಾಮ ಬಂದ. ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವ. ಮಗಳನ್ನು ಕಂಡು ಬಂದನಂತೆ.
"ಅಕ್ಕಾ, ತೊಳೆದವರೇ ಕೈಯಾರೆ ಬರೆದು ಕೊಡಬೇಕಂತೆ. ಯಾವ ದಿನ, ಯಾಕೆ, ಎಂತ ಹಾಕಿ. ಸೋಮವಾರ ಸರ್‌ಗೆ ಸಿಕ್ಕಿದರೆ ಹೊಸ ಬಟ್ಟೆ ಮಾಡಲು ಬಿಡುತ್ತಾರೆ. ಇಲ್ಲದಿದ್ದರೆ ಇಲ್ಲ."
"ನನ್ನ ಅಕ್ಷರ ಅವರಿಗೆ ಅರ್ಥ ಆಗ್ತದಾ?"
"ಆಗ್ತದೆ. ವಿಭೂತಿ ಯಾವ ಅಂಗಡಿದು ಅಂತಲೂ ಬರೆಯಿರಿ. ಇನ್ನು ಲ್ಯಾಬಿಗೆ ಅದೇ ತರಿಸಿಯಾರು!"
ನಗು ಬರಲಿಲ್ಲ. ಅವನಿಗೆ ಮಜ್ಜಿಗೆ ಕೊಟ್ಟೆ.

20-12, ಭಾನುವಾರ
ದೇವರಿಗೆ ದೀಪ ಇಟ್ಟು ಬರೆಯಲು ಕೂತೆ. ಅಂಟುವಾಳ ಬರೆದೆ. ವಿಭೂತಿ ಬರೆದೆ. ಯಾವ ದಿನ ಎಂಬಲ್ಲಿ ನಿಂತೆ. ಸೂತಕ ಕಳೆದ ದಿನ ಎಂದರೆ ಸಾಲದು, ಯಾರದು ಎಂದೂ ಬೇಕು. ಇವರ ಹೆಸರು ನಾನು ಬಾಯಲ್ಲಿ ಹೇಳಿದವಳಲ್ಲ. ಬರೆದವಳೂ ಅಲ್ಲ. ರೇಷನ್ ಕಾರ್ಡಿಗೂ ಇವರೇ ಬರೆದದ್ದು.
ಬರೆದೆ. ನನ್ನ ಗಂಡ ಕೇಶವಪ್ರಸಾದರು ತೀರಿಕೊಂಡ ಹನ್ನೊಂದನೆಯ ದಿನ ತೊಳೆದೆ. ಮಗಳದ್ದು ತಪ್ಪಿಲ್ಲ.
ಏನೂ ಆಗಲಿಲ್ಲ. ಹಾಲು ಉಕ್ಕಿ ಒಲೆ ಆರಿತ್ತು, ನೋಡಿರಲಿಲ್ಲ.
ಶ್ಯಾಮಾ, ನಾಳೆ ಮುಳ್ಳೇರಿಯದಲ್ಲಿ ಮಂಗಳೂರಿನ ಮೊದಲ ಬಸ್ಸು ಹಿಡಿಯಲು ಹೋಗುವಾಗ ಈಚೆ ಬಂದು ಈ ಕಾಗದವನ್ನು ತೆಗೆದುಕೊಂಡು ಹೋಗು ಮಾರಾಯ. ನಾನು ಇನ್ನೊಮ್ಮೆ ಓದಿದರೆ ಆ ಹೆಸರನ್ನು ಗೀಚಿ ಹಾಕಿಯೇನು.