ಶಾಲು ಹೊದಿಸಿದ್ದು ಒಪ್ಪಿಗೆಯಲ್ಲ

ಜೂನ್ 9, ಮಂಗಳವಾರ. ಬೆಳಗಿನ ಜಾವ 4.10
ಕೆಳಗೆ ನೀರಿನ ಪಂಪ್ ಗುರ್ರೆಂದಿತು. ಎಚ್ಚರ. ಮಗ ಬಸುವಿನ ಕಣ್ಣ ರೆಪ್ಪೆ ಎಳೆದು ನೋಡಿದೆ — ಬಿಳಿಚಿದೆ. ನಾಳೆ ರಕ್ತ ಹಾಕಿಸಬೇಕು. ಥಲಸ್ಸೇಮಿಯಾ — ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ. ಮೂರು ವಾರಕ್ಕೊಮ್ಮೆ ಬೇಕೇ ಬೇಕು. ಇಲ್ಲೇ ಪಾಲಿಕೆ ಆಸ್ಪತ್ರೆಯಲ್ಲಿ ಮಕ್ಕಳ ರಕ್ತ ಘಟಕವಿದೆ. ಆ ಘಟಕಕ್ಕೇ ಪಾಲಿಕೆಯವರು ಹಣ ನಿಲ್ಲಿಸುತ್ತಾರಂತೆ. ಆಮೇಲೆ ದೂರದ ಪರೇಲ್ ಆಸ್ಪತ್ರೆಯೇ ಗತಿ... ತುಂಬಿದ ಲೋಕಲ್ ರೈಲಿನಲ್ಲಿ, ಏದುಸಿರು ಬಿಡುವ ಮಗುವನ್ನೆತ್ತಿಕೊಂಡು.
ನಿಲ್ಲಿಸುವ ಮೊದಲು ಜನರನ್ನು ಕೇಳುತ್ತಾರಂತೆ. ಭಾನುವಾರ, ನಮ್ಮ ಕನ್ನಡ ಸಂಘದ ಹಾಲ್‌ನಲ್ಲೇ.
ಕೇಳಲಿ. ಹೇಳುತ್ತೇನೆ.

ಜೂನ್ 14, ಸಂಜೆ
ಪ್ರಾರ್ಥನೆ. ಸ್ವಾಗತ. ಸಂಘದ ಕಾರ್ಯದರ್ಶಿ ಗುರುಪಾದ ಕಾಕಾ ಪಾಲಿಕೆಯಿಂದ ಬಂದ ಅಧಿಕಾರಿಗೆ ಶಾಲು ಹೊದಿಸಿದರು. ಹಾರ, ಹಣ್ಣಿನ ಬುಟ್ಟಿ. ಚಪ್ಪಾಳೆ — ನಾನೂ ತಟ್ಟಿದೆ. ಭಾಷಣ, ಉಪ್ಪಿಟ್ಟು. ನನ್ನ ಸರದಿ ಬರುವಷ್ಟರಲ್ಲಿ ಸಾಹೇಬರು ಕಾರು ಹತ್ತಿಯಾಗಿತ್ತು.
"ಕಾಕಾ, ನಾ ಮಾತಾಡೋದಿತ್ತಲ್ರೀ!"
"ಬಂದ ಮಂದಿಗೆ ಮೊದಲ ಮರ್ಯಾದಿ ಮಾಡಬೇಕಲ್ಲವಾ ಸೋನಾಲಿ."
ಅತ್ತೆ ಬಿಡಲಿಲ್ಲ. "ಶಾಲು ಕೊಟ್ಟಿ, ಬಾಳೆಹಣ್ಣು ಕೊಟ್ಟಿ. ನನ್ನ ಮೊಮ್ಮಗನ್ನೂ ಆ ಬುಟ್ಟ್ಯಾಗ ಇಟ್ಟು ಕೊಡೂದಿತ್ತಪಾ!"

ಜೂನ್ 19
ಪಾಲಿಕೆಯ ವರದಿ ಬಂತು. "ಜನರು ಒಮ್ಮತದಿಂದ ಒಪ್ಪಿ ಅಧಿಕಾರಿಯನ್ನು ಸನ್ಮಾನಿಸಿದರು." ಪುರಾವೆಗೆ ಫೋಟೋ — ಶಾಲು, ಹಾರ, ಚಪ್ಪಾಳೆ ತಟ್ಟುವ ನಾವು. ಮುಂದಿನ ಸಾಲಿನಲ್ಲೇ ನಾನು!
ಬಸುವನ್ನು ಎತ್ತಿಕೊಂಡು ವಾರ್ಡ್ ಆಫೀಸಿಗೆ ಹೋದೆ.
"ಮ್ಯಾಡಮ್, ವಿರೋಧ್ ಥಾ ತೋ ತಾಲೀ ಕ್ಯೋಂ ಬಜಾಯೀ?" ಎಂದ ಕ್ಲರ್ಕ್ — ವಿರೋಧವಿದ್ದರೆ ಚಪ್ಪಾಳೆ ಯಾಕೆ ತಟ್ಟಿದಿರಿ ಅಂತ.
"ಮೆಹಮಾನ್ ಕೇ ಲಿಯೇ ಬಜಾಯೀ. ಇಸ್‌ಕೇ ಲಿಯೇ ನಹೀಂ." ತಟ್ಟಿದ್ದು ಅತಿಥಿಗೆ, ಇದಕ್ಕಲ್ಲ ಅಂತ ಹೇಳಿ ಮಗುವನ್ನು ಅವನ ಟೇಬಲ್ ಮೇಲೆ ಕೂರಿಸಿದೆ. ಇವನನ್ನೂ ಕೇಳಿ ಬರೆದುಕೊಳ್ಳಿ ಅಂದೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ.
ಕೊನೆಗೆ ಬಾಯಿಬಿಟ್ಟ — ಅಂದು ಹಾಜರಿದ್ದವರು ಹೆಲ್ಪ್‌ಲೈನಿಗೆ ಫೋನ್ ಮಾಡಿ ಒಪ್ಪಿಲ್ಲವೆಂದು ದಾಖಲಿಸಬಹುದು. ಒಬ್ಬೊಬ್ಬರೂ. ಸೋಮವಾರ ಬೆಳಗಾಗುವವರೆಗೆ ಮಾತ್ರ.

ಜೂನ್ 21, ಭಾನುವಾರ, ರಾತ್ರಿ
ನಾನು ಮಾಡಿದೆ. ಅತ್ತೆ ಮಾಡಿದರು. ಇವರು, ಬಸುವಿನ ಅಪ್ಪ, ಮೊನ್ನೆಯೇ ಫೋರ್ಟ್‌ನ ಆಫೀಸಿನಿಂದ ಮಾಡಿದರು. ಉಳಿದವರು ಕಾಕಾ ಕಡೆ ನೋಡುತ್ತಿದ್ದಾರೆ. ಕಾಕಾ ಮಾತ್ರ — "ಶಾಲು ಹೊದಿಸಿದ ಕೈಲೆ ತಕರಾರು ಹ್ಯಾಂಗ ಮಾಡಲಿ? ಸಂಘದ ಮರ್ಯಾದಿ ಏನಾಗಬೇಕು?"
ಬಸುವಿನ ರಕ್ತಕ್ಕಿಂತ ಕೆಂಪೇ ಆ ಶಾಲು?
ಈ ಡೈರಿ ಯಾರಿಗೂ ತೋರಿಸಿದವಳಲ್ಲ. ಇವತ್ತು ಈ ಪುಟದ ಫೋಟೋ ಸಂಘದ ಗ್ರೂಪಿಗೆ ಹಾಕುತ್ತೇನೆ. ಬೈಯಿರಿ. ಗ್ರೂಪಿನಿಂದ ತೆಗೆದುಹಾಕಿ. ಮೊದಲು ಫೋನ್ ಮಾಡಿ. ಕಾಕಾ, ದೇವಕ್ಕ, ಅಂದು ಹಾಲ್‌ನಲ್ಲಿದ್ದ ಎಲ್ಲರೂ — ಕಾಲಿಗೆ ಬೀಳುತ್ತೇನೆ. ರಾತ್ರಿಯಿಡೀ ಲೈನ್ ತೆರೆದಿರುತ್ತದೆ. ಹಿಂದಿ ಬರದಿದ್ದರೆ ನನಗೆ ಹೇಳಿ, ನಾನೇ ಪಕ್ಕ ನಿಂತು ಮಾತಾಡಿಸುತ್ತೇನೆ. ಒಪ್ಪಿಲ್ಲ, ಅಷ್ಟೇ ಸಾಕು. ಬೆಳಗಾಗುವ ಮುಂಚೆ, ದಯವಿಟ್ಟು, ಒಂದೇ ಒಂದು ಫೋನ್ —